ಎರಡು ಒತ್ತಿದವರು ಚೆನ್ನಾಗಿದ್ದಾರೆ

ದೊಡ್ಡವ್ವನ ರೇಷ್ಮೆ ಹುಳುಮನೆಗೆ ಮೂರು ಬೆಳೆಯ ಗಡುವು ಇತ್ತು. ಗಡುವು ಹಾಕಿದವನು ಅವಳ ಮೈದುನ ಪುಟ್ಟಬಸಪ್ಪ. ಅಣ್ಣ ತೀರಿಕೊಂಡ ಎರಡನೇ ವರ್ಷ, ಮುಳ್ಳೂರಿನ ಮನೆಯ ಜಗಲಿಯಲ್ಲಿ ಕೂತು, ಎಲೆಅಡಿಕೆ ಉಗಿದು ಬಂದು, ಅವನು ಹೇಳಿದ್ದಿಷ್ಟು: "ಅತ್ಗೆ, ಒಂದೆಕ್ರೆ ಸೊಪ್ಪು, ಉಳದ ಮನೆ, ನಿನ್ ಕೈಲೇ ಇರ್ಲಿ. ಮೂರು ಬೆಳೆ ನೋಡ್ತೀನಿ. ಮೂರ್ರಲ್ಲಿ ಎರಡು ಕೈ ಅತ್ತುದ್ರ ಯಾವತ್ಗೂ ನಿಂದೇ. ಇಲ್ಲಾಂದ್ರ ಸೊಪ್ಪು ಕಿತ್ತು ಬಾಳೆ ಆಕ್ತೀನಿ. ನೀನು ಮನಗ ಬಂದು ಎಲ್ರ ಜೊತೇಲಿ ಇದ್ಬುಡು."

ಬಾಳೆಗಿಂತ ಅವಳು ಹೆದರಿದ್ದು ಆ ಕೊನೆಯ ಮಾತಿಗೆ. ಎಲ್ಲರ ಜೊತೆ ಇರುವುದು ಅಂದರೇನು ಅಂತ ಅವಳಿಗೆ ಗೊತ್ತಿತ್ತು. ಗಂಡ ಹೋದ ಮೇಲೆ ಆ ಮನೆಯಲ್ಲಿ ಒಂದು ಲೋಟ ಕಾಫಿಗೂ ಓರಗಿತ್ತಿಯ ಮುಖ ನೋಡಬೇಕಾಗಿತ್ತು. ಹುಳುಮನೆಯ ಪಕ್ಕದ ಸಣ್ಣ ಕೋಣೆಗೆ ಒಂದು ಒಲೆ, ಒಂದು ಮಂಚ, ಒಂದು ಟ್ರಂಕು ತಂದು ಇಟ್ಟುಕೊಂಡ ದಿನ ಅವಳು ನನಗೆ ಹೇಳಿದ್ದಳು: "ಇಲ್ಲಿ ನಾ ಸಾರ್ಗ ಉಪ್ಪು ಜಾಸ್ತಿ ಆಕುದ್ರೂ ಕೇಳೋರಿಲ್ಲ ಕನ ಮಗ." ಹೇಳಿ, ನಿಜಕ್ಕೂ ಉಪ್ಪು ಜಾಸ್ತಿ ಹಾಕಿದ ಸಾರು ಬಡಿಸಿದಳು.

ಮೊದಲನೇ ಬೆಳೆ ಬೇಸಿಗೆಯ ಕಾವಿಗೆ ಹೋಯಿತು. ಎರಡನೆಯದು ಕೈ ಹತ್ತಿತು. ಉಳಿದದ್ದು ಮೂರನೆಯದು. ಅದನ್ನು ಕೊಂದವನು ನಾನು. ಹೇಗೆ ಕೊಂದೆ ಅಂತ ಹೇಳುತ್ತೇನೆ. ನಗು ಬಂದರೆ ನಕ್ಕುಬಿಡಿ, ಕೊಲ್ಲುವಾಗ ನಾವೂ ನಗುತ್ತಲೇ ಇದ್ದೆವು.

ನಾನು ಮಾದಸ್ವಾಮಿ. ಊರು ಯಳಂದೂರು. ದೊಡ್ಡವ್ವ ಅಂದೆನಲ್ಲ, ಚನ್ನಮಲ್ಲಮ್ಮ, ಅವಳು ನಮ್ಮವ್ವನ ಒಡಹುಟ್ಟಿದ ಅಕ್ಕ. ಕೊಳ್ಳೇಗಾಲದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ ನಮ್ಮ ಆಫೀಸು. ಕೆಳಗೆ ಮೊಳೆ ಮಾರುತ್ತಿದ್ದರು, ಮೇಲೆ ನಾವು ಮೂವರು ತಲೆಗೆ ಹುಳ ಬಿಟ್ಟುಕೊಂಡು ಕೂತಿರುತ್ತಿದ್ದೆವು. ಮುಖ್ಯಸ್ಥೆ ದಿವ್ಯ, ಮೈಸೂರಿನಲ್ಲಿ ವಿನ್ಯಾಸ ಓದಿದವಳು. ಬೈಕಿನಲ್ಲಿ ಊರೂರು ತಿರುಗುವವನು ಪ್ರಭುಸ್ವಾಮಿ, ರೇಷ್ಮೆ ಹುಳುವಿನ ಮೈಬಣ್ಣ ನೋಡಿಯೇ ರೋಗ ಹೇಳಬಲ್ಲ. ಮೂರನೆಯವನು ನಾನು. ಬಿ.ಎ. ಮಾಡಿದ್ದೆ, ಮಿಮಿಕ್ರಿ ಬರುತ್ತಿತ್ತು. ಕೆಲಸ ಕೊಡಿಸಿದ್ದು ಎರಡನೆಯದು.

ನಾವು ನಡೆಸುತ್ತಿದ್ದ ಮೊಬೈಲ್ ಸೇವೆಯ ಹೆಸರು 'ಗೂಡುಮಾತು'. ಹೆಸರಿಟ್ಟವನೂ ನಾನೇ. ಕೊಳ್ಳೇಗಾಲ, ಯಳಂದೂರು, ಹನೂರು ಕಡೆಯ ನೂರ ನಲವತ್ತು ಹುಳು ಮೇಯಿಸುವ ಮನೆಗಳಿಗೆ ದಿನಾ ಬೆಳಿಗ್ಗೆ ಹತ್ತು ಗಂಟೆಗೆ ಕಂಪ್ಯೂಟರಿನಿಂದ ಒಂದು ಫೋನು ಹೋಗುತ್ತದೆ. ಸ್ಮಾರ್ಟ್‌ಫೋನ್ ಬೇಡ, ಓದುಬರಹ ಬೇಡ. ಹುಳು ಚೆನ್ನಾಗಿದ್ದರೆ ಒಂದು ಒತ್ತಿ, ಹುಷಾರಿಲ್ಲದಿದ್ದರೆ ಎರಡು ಒತ್ತಿ. ಅಷ್ಟೇ. ಎರಡು ಒತ್ತಿದ ಮನೆಗೆ ಅವತ್ತೇ ಪ್ರಭುಸ್ವಾಮಿ ಔಷಧಿ ಪುಡಿಯ ಚೀಲ ಹೇರಿಕೊಂಡು ಹೋಗಬೇಕು. ರೋಗದ ಹುಳು ಆರಿಸಿ ತೆಗೆದು, ಪುಡಿ ಎರಚಿ, ಉಳಿದ ತಟ್ಟೆಗಳನ್ನು ಕಾಪಾಡಬೇಕು. ಮೊದಲ ದಿನವೇ ಗೊತ್ತಾದರೆ ಮುಕ್ಕಾಲು ಬೆಳೆ ಉಳಿಯುತ್ತದೆ. ಐದನೇ ದಿನ ಗೊತ್ತಾದರೆ ಗುಂಡಿ ತೋಡುವುದೊಂದೇ ಕೆಲಸ.

ಹೊಳೆದಾಗ ಬಹಳ ಚೆನ್ನಾಗಿತ್ತು. ಶುರುಮಾಡಿದ ದಿನ ನೂರ ನಲವತ್ತರಲ್ಲಿ ನೂರ ಇಪ್ಪತ್ತೆಂಟು ಮನೆಯವರು ಎರಡು ಒತ್ತಿದರು.

ಪ್ರಭುಸ್ವಾಮಿ ಸಂಜೆ ಮಹಡಿ ಹತ್ತಿ ಬಂದಾಗ ಹುಬ್ಬು ಕೂಡ ಕೆಂಪಾಗಿತ್ತು, ಧೂಳಿಗೆ.

"ಸತ್ತೇಗಾಲದಲ್ಲೇ ಅನ್ನೊಂದು ಮನೆ ನೋಡ್ದೆ ಮೇಡಂ. ಒಂದು ಉಳುಗೂ ಒಂದು ಸೀನು ಬಂದಿಲ್ಲ. ಬಂದಿರೋದು ನಂಗೇಯ."

"ಮತ್ತೆ ಯಾಕೆ ಎರಡು ಒತ್ತಿದ್ರಂತೆ?" ಅಂದಳು ದಿವ್ಯ.

"ಕೇಳ್ದೆ. 'ಏನೋ ಒತ್ತುದ್ವು ಬುಡಪ್ಪ, ಬಂದಿದ್ದೀಯಲ್ಲ, ಕಾಪಿ ಕುಡ್ಕಂಡು ಓಗು' ಅಂದ್ರು. ಒಂದೊತ್ತಿ ಎರಡೊತ್ತಿ ಅನ್ನಕ ಇದೇನ್ ಮೇಡಂ, ಶಾವ್ಗೆಯಾ?"

ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೇ ದಿನ ಹನೂರಿನ ಆಚೆ ಒಂದು ಕಾಡಂಚಿನ ಊರಲ್ಲಿ ಬೈಕು ಪಂಕ್ಚರ್ ಆಗಿ, ಆರು ಮೈಲಿ ತಳ್ಳಿಕೊಂಡು ಬಂದವನು, ಕೀಲಿಯನ್ನು ದಿವ್ಯಳ ಮೇಜಿನ ಮೇಲೆ ಇಟ್ಟ. ಅದೇ ವಾರ, ಸೇವೆಗೆ ಹಣ ಕೊಡುತ್ತಿದ್ದ ಬೆಂಗಳೂರಿನ ಟ್ರಸ್ಟಿನಿಂದ ಪತ್ರ ಬಂತು: ಅನವಶ್ಯಕ ಓಡಾಟ ಕಡಿಮೆಯಾಗದಿದ್ದರೆ ಗೂಡುಮಾತು ನಿಲ್ಲಿಸಬೇಕಾಗುತ್ತದೆ.

"ನಾಳೆ ಐಡಿಯಾ ಮೀಟಿಂಗ್," ಅಂದಳು ದಿವ್ಯ.

ಅವಳ ಐಡಿಯಾ ಮೀಟಿಂಗಿಗೆ ಕಟ್ಟುಪಾಡುಗಳಿದ್ದವು. ಹತ್ತು ನಿಮಿಷದಲ್ಲಿ ಮೂವತ್ತು ಐಡಿಯಾ. ಒಂದು ಹಳದಿ ಚೀಟಿಗೆ ಒಂದು ಐಡಿಯಾ, ಬರೆದು ಗೋಡೆಗೆ ಅಂಟಿಸಬೇಕು. ಕೆಟ್ಟ ಐಡಿಯಾ ಅನ್ನುವುದು ಇಲ್ಲವೇ ಇಲ್ಲ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಡ್ಡ ಹಾಕುವ ಹಾಗಿಲ್ಲ. ಕೊನೆಗೆ ತಲೆಗೆ ಮೂರು ಸ್ಟಿಕ್ಕರ್ ಬಿಂದಿ. ಯಾವ ಚೀಟಿ ಇಷ್ಟವೋ ಅದರ ಹಣೆಗೆ ಇಡಬೇಕು. ಹೆಚ್ಚು ಮುತ್ತೈದೆಯಾದ ಐಡಿಯಾ ಗೆದ್ದ ಹಾಗೆ.

ದಿವ್ಯ ಮೊದಲು ಅಂಟಿಸಿದಳು: ಹುಳುವಿನ ಫೋಟೋ ಕಳಿಸಲಿ.

"ಉಳದ ಮನೆ ಒಳಗ ಕ್ಯಾಮ್ರ? ಕಾಲ್ ಮುರೀತಾರೆ."

"ಅಡ್ಡ ಹಾಕ್ಬಾರ್ದು ಪ್ರಭು."

"ಅಡ್ಡ ಆಕ್ತಿಲ್ಲ ಮೇಡಂ. ಕಾಲ್ ಮುರಿಯೋ ಇಸ್ಯ ಏಳ್ದೆ."

ನಾನು ಅಂಟಿಸಿದೆ: ಎರಡು ಒತ್ತುವ ಮೊದಲು ಮಾದಪ್ಪನ ಮೇಲೆ ಆಣೆ ಇಡಿಸುವುದು. ಇನ್ನೊಂದು ಅಂಟಿಸಿದೆ: ಎರಡು ಒತ್ತಿದವರಿಂದ ಪ್ರಭುಸ್ವಾಮಿಗೆ ಊಟ ಹಾಕಿಸುವುದು. ಅದಕ್ಕೆ ಅವನೇ ಚಪ್ಪಾಳೆ ತಟ್ಟಿದ. ಆಮೇಲೆ ಅವನು ಒಂದು ಚೀಟಿ ತೆಗೆದುಕೊಂಡು, ನಾಲಿಗೆ ಕಚ್ಚಿಕೊಂಡು ಬಹಳ ಹೊತ್ತು ಬರೆದು, ಗೋಡೆಯ ಮೂಲೆಯಲ್ಲಿ ಅಂಟಿಸಿದ. 'ಸೊಪ್ಪು ಎಷ್ಟು ಮಂಕರಿ ಮೇದವು ಅಂತ ಕೇಳುವುದು.'

"ಉಳ ಎಂಗವೆ ಅಂದ್ರ ಯಾರೂ ಏಳಕಿಲ್ಲ ಮೇಡಂ. ಸೊಪ್ಪು ಎಷ್ಟು ಉಯ್ದ್ರಿ ಅನ್ನಿ, ಲೆಕ್ಕವಾಗಿ ಏಳ್ತಾರೆ. ಕಾಯ್ಲೆ ಬಂದ್ರ ಮೊದ್ಲು ನಿಲ್ಲೋದು ಮೇವು."

"ಹುಳು ಹೆಂಗಿವೆ ಅಂದ್ರೆ ಯಾಕೆ ಹೇಳಲ್ಲ?" ದಿವ್ಯ ಕೊಳ್ಳೇಗಾಲದವಳೇ, ಆದರೆ ಪೇಟೆಯವಳು.

ಪ್ರಭುಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ನಾನು ಎದ್ದಿದ್ದೆ. ಕುರ್ಚಿಯ ಮೇಲಿದ್ದ ಟವೆಲನ್ನು ತಲೆಗೆ ಹೊದ್ದು, ಸೊಂಟಕ್ಕೆ ಒಂದು ಕೈ ಕೊಟ್ಟು, ದೊಡ್ಡವ್ವನಾಗಿಬಿಟ್ಟೆ. ಅವಳಿಗೆ ಮಾತಿನ ನಡುವೆ ಮೂಗಿನಿಂದ ಸಣ್ಣಗೆ ಉಸಿರು ಬಿಡುವ ಅಭ್ಯಾಸ. ಅದೂ ಬಂತು.

"'ಅಯ್ಯೋ ಬುಡು ಮಗ... ಏನ್ ಉಳವೋ ಏನ್ ಪಾಡೋ... ಬಿದ್ದವೆ. ಈ ಸತಿ ಏನೂ ಇಲ್ಲ ಕನ. ಸುಮ್ನ ಸೊಪ್ಪಿಗ ದಂಡ.' ನಮ್ಮ ದೊಡ್ಡವ್ವ ಇಷ್ಟು ಅಂದ್ಳು ಅಂದ್ರೆ ಬೆಳೆ ಬಂಗಾರ ಅಂತ ಅರ್ಥ! ಚೆನ್ನಾಗವೆ ಅಂತ ಬಾಯಲ್ಲಿ ಬಂದ್ರೆ ದೃಷ್ಟಿ ಆಗುತ್ತೆ. ಅದಕ್ಕೆ ಎಲ್ಲರೂ ಎರಡು ಒತ್ತುತಾರೆ."

ದಿವ್ಯ ಮೇಜು ಹಿಡಿದುಕೊಂಡು ನಕ್ಕಳು. "ಇನ್ನೊಂದ್ಸಲ, ಇನ್ನೊಂದ್ಸಲ." ಇನ್ನೊಂದು ಸಲ ಮಾಡಿದೆ, ಈ ಸಲ ಸೆರಗಿನಿಂದ ಬಾಯಿ ಒರೆಸುವುದನ್ನೂ ಸೇರಿಸಿ. ಮೂರನೇ ಸಲ ಮಾಡುವಾಗ ಐಡಿಯಾ ಹೊಳೆಯಿತು. ಹೊಳೆದದ್ದು ಎಷ್ಟು ಚಂದವಾಗಿತ್ತೆಂದರೆ ಟವೆಲು ತೆಗೆಯುವುದಕ್ಕೂ ತಾಳ್ಮೆ ಇರಲಿಲ್ಲ.

"ತಿರುಗಿಸಿ ಹಾಕೋಣ ದಿವ್ಯ! ನಮ್ಮ ಜನ ಎರಡು ಒತ್ತಿದ್ರೆ ಚೆನ್ನಾಗಿದೆ ಅಂತಲೇ ತಿಳ್ಕೊಳ್ಳೋಣ. ಯಾವ ಮನೆಯವರು ಯಾವಾಗಲೂ ಏನು ಒತ್ತುತ್ತಾರೋ ಕಂಪ್ಯೂಟರ್ ಕಲಿತಿಟ್ಟುಕೊಳ್ಳಲಿ. ದಿನಾ ಎರಡು ಒತ್ತೋರು ಎರಡೇ ಒತ್ತಿದ್ರೆ ಹಸಿರು. ಇದ್ದಕ್ಕಿದ್ದ ಹಾಗೆ ಒಂದು ಒತ್ತಿದ್ರೋ, ಫೋನೇ ಎತ್ತಲಿಲ್ಲವೋ, ಆಗ ಕೆಂಪು. ಪ್ರಭು ಅಲ್ಲಿಗೆ ಮಾತ್ರ ಹೋಗಲಿ."

ಆಫೀಸಿನಲ್ಲಿ ಒಂದು ಗಳಿಗೆ ದಿವ್ಯ ಮೌನ. ಆಮೇಲೆ ದಿವ್ಯಳದೇ ಕಿರುಚಾಟ.

ಪ್ರಭುಸ್ವಾಮಿ ಮಾತ್ರ ಒಂದು ಪ್ರಶ್ನೆ ಕೇಳಿದ. ಆ ಪ್ರಶ್ನೆ ಕೇಳಿದ್ದಕ್ಕೆ ಅವನಿಗೆ ಇವತ್ತು ನಿದ್ದೆ ಬರುತ್ತದೆ. "ಅಲ್ಲ ಕಣ್ಲಾ ಮಾದ, ನಿಜ್ವಾಗ್ಲೂ ಕಾಯ್ಲೆ ಬಂದೋರು ಏನ್ ಒತ್ತಾರು?"

ಟವೆಲು ಇನ್ನೂ ತಲೆಯ ಮೇಲಿತ್ತು. ನಾನು ದೊಡ್ಡವ್ವನ ಗಂಟಲಲ್ಲೇ ಉತ್ತರ ಕೊಟ್ಟೆ: "'ಕಾಯ್ಲೆ ಬಂದ್ರ ಒತ್ಕಂಡು ಕೂತ್ಕತೀವ ಮಗ? ಬಾಯ್ ಬಡ್ಕಂಡು ನಿಮ್ಮ ಆಪೀಸ್ಗೇ ಬತ್ತೀವಿ!'"

ಪ್ರಭುಸ್ವಾಮಿಯೂ ನಕ್ಕುಬಿಟ್ಟ. ಉತ್ತರ ಕೊಟ್ಟದ್ದು ದೊಡ್ಡವ್ವ ಅಂತಲೇ ಮೂವರೂ ನಂಬಿದೆವು. ದೊಡ್ಡವ್ವನನ್ನು ಯಾರೂ ಕೇಳಿರಲಿಲ್ಲ. ಅವಳು ಆ ಹೊತ್ತಿಗೆ ಒಂಬತ್ತು ಮೈಲಿ ಆಚೆ ಮುಳ್ಳೂರಿನಲ್ಲಿ ಸೊಪ್ಪು ಕೊಯ್ಯುತ್ತಿದ್ದಳು.

ಬಿಂದಿ ಇಟ್ಟಾಯಿತು. ನನ್ನ ಚೀಟಿಗೆ ಏಳು, ಫೋಟೋಗೆ ಒಂದು, ಮಂಕರಿಗೆ ಒಂದು. ಪ್ರಭುಸ್ವಾಮಿ ತನ್ನ ಚೀಟಿಗೆ ಒಂದು ಬಿಂದಿ ಇಟ್ಟು ನನ್ನದಕ್ಕೆ ಎರಡು ಇಟ್ಟಿದ್ದ. "ನಗಿಸ್ಬುಟ್ಟೆ ಕಣ್ಲಾ, ಅದ್ಕೇ," ಅಂದ.

ಇನ್ನೊಂದು ಸಣ್ಣ ಕೆಲಸ ಬಾಕಿ ಇತ್ತು. ಎರಡು ಒತ್ತಿದವರಿಗೆ, ಯಾರೂ ಬರದಿದ್ದರೂ, ತಮ್ಮ ಮಾತು ಕೇಳಿಸಿಕೊಂಡರು ಅನ್ನಿಸಬೇಕು ಅಂದಳು ದಿವ್ಯ. ಓದಿದವರ ಮಾತು, ಸರಿಯಾಗಿಯೇ ಇತ್ತು. ಹಾಗಾಗಿ ಒಂದು ಮರುಮಾತು ರೆಕಾರ್ಡ್ ಮಾಡಿದೆವು. ಯಾರದೋ ಮನೆಯ ಅಜ್ಜಿ ಹೇಳಿದ ಹಾಗೆ ಇರಲಿ ಅಂತ ನಾನೇ ಹೆಣ್ಣುದನಿ ತೆಗೆದೆ: "ಗೊತ್ತಾಯ್ತು ಕನವ್ವ. ಮನ್ಸಿಗ ಅಚ್ಕಬ್ಯಾಡ." ಸ್ವತಃ ನಮ್ಮವ್ವ ಕೇಳಿದರೂ ನಾನೆಂದು ಗೊತ್ತಾಗಬಾರದು, ಹಾಗಿತ್ತು. ಹಾಗಿತ್ತು ಅಂದುಕೊಂಡಿದ್ದೆ.

ದೀಪಾವಳಿ ಕಳೆದ ಮೇಲೆ ಹೊಸ ತಂಡದ ಹುಳುಗಳು ಮನೆಗಳಿಗೆ ಹೋದವು. ಮೊದಲ ದಿನ ಪಟ್ಟಿಯಲ್ಲಿ ಒಂಬತ್ತೇ ಕೆಂಪು ಚುಕ್ಕೆ. ಪ್ರಭುಸ್ವಾಮಿ ಮಧ್ಯಾಹ್ನಕ್ಕೇ ವಾಪಸು ಬಂದು, ಆಫೀಸಿನಲ್ಲಿ ಕೂತು ಊಟ ಮಾಡಿದ. ಟ್ರಸ್ಟಿನವರು ಫೋನು ಮಾಡಿ ದಿವ್ಯಳನ್ನು ಹೊಗಳಿದರು. ಈ ಐಡಿಯಾ ಯಾರದು ಅಂತ ಕೇಳಿದರಂತೆ. ಅವಳು ನನ್ನ ಹೆಸರು ಹೇಳಿದಳಂತೆ.

ದೊಡ್ಡವ್ವನೂ ಅದೇ ವಾರ ಹುಳು ತಂದಳು, ಎರಡನೇ ಜ್ವರ ಎದ್ದ ಮರಿಗಳು. ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ತಂದ ದಿನವೇ ನನಗೆ ಫೋನು ಮಾಡಿದಳು. "ಉಳ ತಂದಿವ್ನಿ ಕನ. ಈ ಕಡೆ ಬರ್ಬ್ಯಾಡ. ಊರೂರು ಉಳದ ಮನೆ ಸುತ್ತೋನು ನೀನು, ಕಾಲಲ್ಲಿ ಏನ್ ಮೆತ್ಕಂಡು ಬಂದೀಯೋ. ಗೂಡು ಬುಡ್ಸೋ ದಿನ ಬಾ."

"ಆಗ್ಲಿ ದೊಡ್ಡವ್ವ. ಎಂಗವೆ ಉಳ?" ಬೇಕೆಂದೇ ಕೇಳಿದೆ.

"ಥೂ, ಕೇಳ್ತಾನ್ ನೋಡು. ಏನೋ ಅವೆ, ಬಿದ್ದವೆ." ಆಮೇಲೆ, "ಇದೇ ಕಡೇದು ಕನ ಮಗ. ಪುಟ್ಬಸಪ್ಪ ನೆನ್ನೆ ಬಂದು ಬದ ಅಳ್ಕಂಡೋದ, ಬಾಳೆ ಗುಂಡಿಗೆ. ಮುಂಚೇನೇ ಅಳ್ದಿಟ್ಕಂಡವ್ನೆ." ಮತ್ತೆ ಕೇಳಿದಳು, "ನಿನ್ ಪೋನು ಬರ್ತದ ತಾನೆ ದಿನಾ?"

"ಬರ್ತದೆ ದೊಡ್ಡವ್ವ, ಹತ್ತು ಗಂಟೆಗೆ."

"ಸಾಕು ಬುಡು."

ದಿನಾ ಬೆಳಿಗ್ಗೆ ಪಟ್ಟಿಯಲ್ಲಿ ಅವಳ ಹೆಸರು ನೋಡುತ್ತಿದ್ದೆ. ಚನ್ನಮಲ್ಲಮ್ಮ, ಮುಳ್ಳೂರು, ಎರಡು, ಹಸಿರು. ಎರಡು, ಹಸಿರು. ಹೋದ ಬೆಳೆಯಲ್ಲೂ ಪೂರ್ತಿ ಎರಡೇ ಒತ್ತಿ, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ ತುಂಬ ಗೂಡು ತೆಗೆದಿದ್ದಳು. ನನ್ನ ಐಡಿಯಾಗೆ ನನ್ನ ಮನೆಯಲ್ಲೇ ಸಾಕ್ಷಿ.

ಹನ್ನೊಂದನೇ ದಿನ ಅವಳ ಹೆಸರಿನ ಮುಂದೆ ಒಂದು ಹೊಸತು ಕಂಡಿತು. ಬೆಳಿಗ್ಗೆ ಹತ್ತಕ್ಕೆ ಎರಡು ಒತ್ತಿದ್ದಾಳೆ. ಹನ್ನೆರಡಕ್ಕೆ ತಾನೇ ನಮ್ಮ ನಂಬರಿಗೆ ಮಿಸ್ ಕಾಲ್ ಕೊಟ್ಟು, ಕಂಪ್ಯೂಟರಿನಿಂದ ಮರಳಿ ಹೋದ ಫೋನಿಗೆ ಮತ್ತೆ ಎರಡು ಒತ್ತಿದ್ದಾಳೆ. ಮೂರಕ್ಕೆ ಮತ್ತೆ. ಆರಕ್ಕೆ ಮತ್ತೆ. ಒಟ್ಟು ನಾಲ್ಕು ಸಲ ಎರಡು. ಕಂಪ್ಯೂಟರು ನಾಲ್ಕು ಸಲವೂ ಹಸಿರು ಕೊಟ್ಟಿದೆ.

"ನೋಡಿ ನಮ್ಮ ದೊಡ್ಡವ್ವನ್ನ!" ಅಂತ ದಿವ್ಯಳನ್ನು ಕರೆದೆ. "ಬೆಳೆ ಯದ್ವಾತದ್ವಾ ಚೆನ್ನಾಗಿರಬೇಕು. ಒಂದ್ಸಲ ಎರಡು ಒತ್ತಿದ್ರೆ ದೃಷ್ಟಿ ಹೋಗಲ್ಲ ಅಂತ ನಾಲ್ಕು ಸಲ ನಿವಾಳಿಸ್ತಾವ್ಳೆ!" ನಿವಾಳಿಸಿ ತೋರಿಸಿದೆ. ಅವಳು ನಕ್ಕು, ಆ ತಿಂಗಳ ವರದಿಯಲ್ಲಿ ಒಂದು ಸಾಲು ಸೇರಿಸಿದಳು: 'ಬಳಕೆದಾರರು ಸೇವೆಯನ್ನು ಎಷ್ಟು ಹಚ್ಚಿಕೊಂಡಿದ್ದಾರೆಂದರೆ ಅರವತ್ತು ವರ್ಷದ ಒಬ್ಬ ಮಹಿಳೆ ಒಂದೇ ದಿನ ನಾಲ್ಕು ಬಾರಿ ಉತ್ತರಿಸಿದ್ದಾರೆ.'

ಹದಿಮೂರನೇ ದಿನ ಮಧ್ಯಾಹ್ನ ಪುಟ್ಟಬಸಪ್ಪನ ಫೋನು ಬಂತು.

"ಏನ್ಲಾ ಮಾದಸ್ವಾಮಿ, ಎಲ್ಲವ್ನೆ ನಿಮ್ ಪುಡಿ ಉಯ್ಯೋನು? ನಿಮ್ ದೊಡ್ಡವ್ವ ಇತ್ಲಲ್ಲಿ ಕೂತ್ಕಂಡು ಉಳವ ಗುಂಡಿಗ ಸುರೀತಾವ್ಳೆ."

ಪ್ರಭುಸ್ವಾಮಿಯ ಬೈಕಿನ ಹಿಂದೆ ಕೂತು ಹೋದೆ. ಹುಳುಮನೆಯ ಬಾಗಿಲು ತೆರೆದೇ ಇತ್ತು. ಅಷ್ಟು ದಿನ ಯಾರನ್ನೂ ಬಿಡದ ಬಾಗಿಲು. ವಾಸನೆ ಅಂಗಳಕ್ಕೇ ಬರುತ್ತಿತ್ತು, ಹಳಸಿದ ಹಾಲಿನ ಜೊತೆ ಇನ್ನೇನೋ ಸೇರಿದ ಹಾಗೆ. ಪ್ರಭುಸ್ವಾಮಿ ಒಳಗೆ ಹೋದವನು ಎರಡು ನಿಮಿಷಕ್ಕೆ ಆಚೆ ಬಂದ.

"ಆಲುರೋಗ. ಐದು ದಿನ ಆಗದೆ." ನನ್ನ ಮುಖ ನೋಡದೆ, ಪುಡಿಯ ಚೀಲವನ್ನು ಬೈಕಿನಿಂದ ಇಳಿಸದೆಯೇ ಹೇಳಿದ. "ಉಳ್ಸಕ ಒಂದು ತಟ್ಟೆನೂ ಇಲ್ಲ."

ದೊಡ್ಡವ್ವ ಹಿತ್ತಲಲ್ಲಿ ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಿದಿರಿನ ತಟ್ಟೆ. ಊದಿಕೊಂಡು, ಮಿರಿಮಿರಿ ಹಳದಿಯಾದ ಹುಳುಗಳು ತಟ್ಟೆಯ ಅಂಚಿನಲ್ಲೇ ಸುತ್ತುತ್ತಿದ್ದವು. ಕೈ ತಾಗಿದರೆ ಒಡೆದು ಬಿಳಿ ನೀರು ಬರುತ್ತಿತ್ತು. ಅವಳ ಮೊಣಕೈವರೆಗೂ ಆ ಬಿಳಿ ಒಣಗಿತ್ತು.

"ದೊಡ್ಡವ್ವ, ನಂಗ್ಯಾಕೆ ಒಂದು ಫೋನ್ ಮಾಡ್ಲಿಲ್ಲ?"

ಅವಳು ತಲೆಯೆತ್ತಿ, ನಾನೇನೋ ಗೊತ್ತಾಗದ ಭಾಷೆಯಲ್ಲಿ ಮಾತಾಡಿದ ಹಾಗೆ ನೋಡಿದಳು. "ಮಾಡಿದ್ನಲ್ಲೋ. ದಿನಾ ಒತ್ತಿದ್ನಲ್ಲೋ. ಒಂದಿನ ನಾಕು ಸಲ ಒತ್ತಿವ್ನಿ. ನೀನೇ ಅಂದೆ, ಗೊತ್ತಾಯ್ತು ಕನವ್ವ, ಮನ್ಸಿಗ ಅಚ್ಕಬ್ಯಾಡ ಅಂತ."

"ಅದು ನಾನು ಅಂತ ನಿಂಗ ಗೊತ್ತಿತ್ತಾ?"

"ತೊಟ್ಲಲ್ಲಿದ್ದಾಗಿಂದ ನಿನ್ ಗಂಟ್ಲು ಕೇಳಿವ್ನಿ. ಎಂಗಸ್ರಂಗ ಮಾತಾಡ್ಬುಟ್ರ ತಿಳಿಯಕಿಲ್ವ?" ಒಂದು ಹಿಡಿ ಹುಳು ಗುಂಡಿಗೆ ಹಾಕಿದಳು. "ಮಾದನ್ಗ ಗೊತ್ತಾಗದೆ, ಇವತ್ತು ಬತ್ತಾನೆ, ನಾಳ ಬತ್ತಾನೆ ಅಂತ ಕಾದೆ. ಗೊತ್ತಿದ್ದೂ ಬಂದಿಲ್ಲ ಅಂದ್ರ ಏನೋ ಕೆಲ್ಸ ಇರ್ಬೇಕು, ಗಂಟೆಗ್ಗಂಟೆ ಪೀಡುಸ್ಬಾರ್ದು ಅನ್ಕಂಡೆ."

"ಬಾಯಲ್ಲಿ ಒಂದು ಮಾತು ಹೇಳ್ಬಹುದಿತ್ತಲ್ಲ ದೊಡ್ಡವ್ವ. ಕಾಯ್ಲೆ ಬಂದದೆ ಅಂತ."

"ಉಳ ಇರೋ ಮನೇಲಿ ಆ ಮಾತ ಬಾಯಲ್ಲಾಡಾರ್ಲಾ? ಮೇಲಿರೋರು ಅಸ್ತು ಅಂದ್ಬುಟ್ರೆ? ಇರೋವೂ ಓಯ್ತವೆ. ಅದ್ಕೇ ನಿನ್ ಪೋನು ಬಾಳ ಒಳ್ಳೇದು ಅನ್ಕಂಡಿದ್ದೆ ಕನ. ಬಾಯ್ ತೆಗೀದಂಗ ಏಳ್ಬೌದು. ಬೆಳ್ಳಲ್ಲಿ ಒತ್ತುದ್ರಾಯ್ತು."

ನಮ್ಮ ಜನರ ಕಟ್ಟುಪಾಡು ನನಗೆ ಗೊತ್ತು ಅಂತ ಗೋಡೆಯ ಮುಂದೆ ಟವೆಲು ಹೊದ್ದು ಕುಣಿದಿದ್ದೆನಲ್ಲ, ಗೊತ್ತಿದ್ದದ್ದು ಅರ್ಧ. ಚೆನ್ನಾಗಿದ್ದಾಗ ಚೆನ್ನಾಗಿದೆ ಅನ್ನುವುದಿಲ್ಲ, ಅದು ನಗಿಸುವ ಅರ್ಧ. ಕೆಟ್ಟಾಗ ತುಟಿಯನ್ನೇ ಬಿಚ್ಚುವುದಿಲ್ಲ. ಆ ಅರ್ಧದಲ್ಲಿ ಮಿಮಿಕ್ರಿ ಮಾಡುವುದಕ್ಕೆ ಏನೂ ಇಲ್ಲ.

ನಾನು ಹೇಳಿಬಿಟ್ಟೆ. ಎರಡು ಒತ್ತಿದವರೆಲ್ಲ ಚೆನ್ನಾಗಿದ್ದಾರೆ ಅಂತ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದೆವು, ಹೇಳಿಕೊಟ್ಟವನು ನಾನೇ, ಅವಳನ್ನು ಅಣಕಿಸಿಯೇ ಆ ಐಡಿಯಾ ಬಂದದ್ದು, ಎಲ್ಲ ಹೇಳಿದೆ. ಪ್ರಭುಸ್ವಾಮಿ ಬೈಕಿನ ಹತ್ತಿರ ಹೋಗಿ ಆ ಕಡೆ ತಿರುಗಿ ನಿಂತ.

ಅವಳು ಎಲ್ಲ ಕೇಳಿಸಿಕೊಂಡಳು. ಬಯ್ಯಲಿಲ್ಲ. ಏನನ್ನೋ ಕೂಡಿ ಕಳೆಯುವವಳ ಹಾಗೆ ಹುಬ್ಬು ಗಂಟಿಕ್ಕಿದಳು.

"ಅಂಗಾರ, ಉಳ ಸಾಯ್ತಾ ಇರೋವಾಗ ನಾ ಸಂದಾಗವೆ ಅಂತ ಒಂದು ಒತ್ತಿದ್ರ ನೀವು ಬತ್ತಿದ್ರಾ?"

"ಬರ್ತಿದ್ವಿ ದೊಡ್ಡವ್ವ."

"ಅವತ್ತೇಯ?"

"ಅವತ್ತೇ."

ತಟ್ಟೆಯನ್ನು ಮಗುಚಿ, ಅಂಗೈಯಿಂದ ಬುಡ ತಟ್ಟಿದಳು. "ನಂಗ ಒಳೀಲಿಲ್ಲ ಕನ ಮಗ," ಅಂದಳು, ತಪ್ಪು ತನ್ನದೇ ಅನ್ನುವ ಹಾಗೆ.

ಪುಟ್ಟಬಸಪ್ಪನ ಜಗಲಿಗೆ ಹೋದೆ. ಕೆಟ್ಟ ಮನುಷ್ಯನಲ್ಲ, ನೀರು ಕೊಡಿಸಿದ, ಕೂತುಕೋ ಅಂದ. ತಪ್ಪು ಅವಳದಲ್ಲ ನಂದು, ಇನ್ನೊಂದು ಬೆಳೆ ಕೊಡು ಅಂತ ಬೇಡಿಕೊಂಡೆ.

"ತಪ್ಪು ಯಾರ್ದಾದ್ರೇನ್ಲಾ? ಉಳ ಸತ್ತೋದ್ವು ತಾನೆ?"

"ಮುಂದಿನ ಬೆಳೆಗೆ ನಾನೇ ಬಂದು ಇದ್ದು ನೋಡ್ಕೊಳ್ತೀನಿ ಚಿಕ್ಕಪ್ಪ."

"ನೀನು?" ಅವನು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ನೀ ನೋಡ್ಕಂಡಿದ್ದಕ್ಕೇ ಇಂಗಾಗಿರೋದು ಅಂತ ನೀನೇ ಏಳ್ತಾ ಇದ್ದೀಯೆ. ಬಾಳೆ ಕಂದಿಗ ಏಳಿವ್ನಿ, ಸೋಮವಾರ ಬತ್ತವೆ. ಅತ್ಗೆಗ ಇಲ್ಲೇನ್ ಕಮ್ಮಿ? ಮೂರೊತ್ತು ಊಟ ಆಕ್ತೀವಿ."

ಮರುದಿನದಿಂದ ಪ್ರಭುಸ್ವಾಮಿ ಹಸಿರು ಚುಕ್ಕೆಯ ಮನೆಗಳನ್ನೆಲ್ಲ ಒಂದು ಕಡೆಯಿಂದ ಸುತ್ತಿದ. ಯಳಂದೂರು ಕಡೆ ಒಂದು, ಹನೂರು ಕಡೆ ಎರಡು ಮನೆಯಲ್ಲಿ ಅದೇ ಹಾಲುರೋಗ, ಅದೇ ಎರಡು, ಅದೇ ನನ್ನ ದನಿಯ ಸಮಾಧಾನ. ದಿವ್ಯ ಟ್ರಸ್ಟಿಗೆ ಇದ್ದದ್ದು ಇದ್ದ ಹಾಗೆ ಬರೆದಳು. ಸಂಜೆಯೊಳಗೆ ಉತ್ತರ ಬಂತು. ನೂರ ನಲವತ್ತರಲ್ಲಿ ನಾಲ್ಕು ಅಂದರೆ ಶೇಕಡ ಮೂರಕ್ಕೂ ಕಡಿಮೆ, ಪ್ರಯೋಗದ ಹಂತದಲ್ಲಿ ಇದು ಸಹಜ, ಉಳಿದ ಜಿಲ್ಲೆಗಳಿಗೂ ವಿಸ್ತರಿಸುವ ಬಗ್ಗೆ ಮಾತಾಡೋಣ. ಅವಳು ಅದನ್ನು ಗಟ್ಟಿಯಾಗಿ ಓದಿ, ಗೋಡೆಯ ಹತ್ತಿರ ಹೋಗಿ, ಚೀಟಿಗಳನ್ನು ಒಂದೊಂದೇ ಕಿತ್ತಳು. ಏಳು ಬಿಂದಿಯದು ಬಿಗಿಯಾಗಿ ಅಂಟಿತ್ತು, ಅರ್ಧ ಹರಿದು ಅರ್ಧ ಗೋಡೆಯಲ್ಲೇ ಉಳಿಯಿತು.

"ನಾಳೆಯಿಂದ ಸೊಪ್ಪಿನ ಮಂಕರಿ ಕೇಳೋಣ ಪ್ರಭು," ಅಂದಳು.

"ಕೇಳಿ ಮೇಡಂ," ಅಂದ ಅವನು. ಕೀಲಿ ತೆಗೆದುಕೊಂಡು ಎದ್ದು ಹೋದ.

ಮರುಮಾತನ್ನು ಬೇರೆ ಯಾರದಾದರೂ ದನಿಯಲ್ಲಿ ರೆಕಾರ್ಡ್ ಮಾಡಿಸು ಅಂತ ದಿವ್ಯಳಿಗೆ ಹೇಳಿದೆ. ಅವತ್ತಿನಿಂದ ಆಫೀಸಿನಲ್ಲಿ ಯಾರೂ ನನ್ನನ್ನು ಇನ್ನೊಂದ್ಸಲ ಮಾಡು ಅಂದಿಲ್ಲ. ಅಂದಿದ್ದರೂ ಬರುತ್ತಿರಲಿಲ್ಲ. ಒಬ್ಬನೇ ಇದ್ದಾಗ ಒಂದೆರಡು ಸಲ ನೋಡಿದ್ದೇನೆ. ಬಾಯಿ ತೆರೆದರೆ ಮೂಗಿನ ಉಸಿರು ಮಾತ್ರ ಬರುತ್ತದೆ.

ಸೋಮವಾರ ದೊಡ್ಡವ್ವನ ಸಾಮಾನು ಸಾಗಿಸಲು ಹೋದೆ. ಹೊಲದಲ್ಲಿ ಟ್ರ್ಯಾಕ್ಟರು ಆಗಲೇ ಅರ್ಧ ಮುಗಿಸಿತ್ತು. ಹಿಪ್ಪುನೇರಳೆ ಗಿಡ ಸುಲಭಕ್ಕೆ ಏಳುವುದಿಲ್ಲ, ಬೇರು ಪಟಪಟ ಕಿತ್ತುಕೊಂಡು ಬರುವ ಸದ್ದು ಕೋಣೆಯವರೆಗೆ ಕೇಳುತ್ತಿತ್ತು. ಅವಳು ಒಲೆಯನ್ನು ಅಲ್ಲೇ ಬಿಟ್ಟಳು. "ಅಲ್ಲಿ ಒಲೆ ಅದೆ," ಅಂದಳು. ಪಾತ್ರೆಗಳನ್ನೆಲ್ಲ ತೊಳೆದು, ಒರೆಸಿ, ಟ್ರಂಕಿಗೆ ತುಂಬಿದಳು. ಸೀರೆ ನಾಲ್ಕೇ ಇದ್ದವು, ಒಂದು ಚೀಲಕ್ಕೆ ಹಾಕಿದಳು. ಹುಳುಮನೆಯ ಬೀಗದ ಕೈಯನ್ನು ಬದುವಿನ ಮೇಲೆ ನಿಂತಿದ್ದ ಪುಟ್ಟಬಸಪ್ಪನ ಕೈಗೆ ಕೊಟ್ಟು, ಮುಂದೆ ನಡೆದಳು. ನಾನು ಟ್ರಂಕು ಹೊತ್ತು ಹಿಂದೆ.

ಬಾಗಿಲಲ್ಲಿ ಓರಗಿತ್ತಿ ರತ್ನಮ್ಮ ನಿಂತಿದ್ದಳು. "ಬಾ ಅಕ್ಕ, ಕೈಕಾಲು ತೊಳ್ಕ," ಅಂದಳು. ಚೆನ್ನಾಗಿಯೇ ಅಂದಳು. ದೊಡ್ಡವ್ವ ಬಚ್ಚಲಿಂದ ಬರುವಷ್ಟರಲ್ಲಿ ಅಡಿಗೆಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಮಣೆ, ಒಂದು ಮೊರ ಅಕ್ಕಿ ಸಿದ್ಧವಾಗಿದ್ದವು. "ಈ ಅಕ್ಕೀಲಿ ಕಲ್ಲು ಜಾಸ್ತಿ ಕನಕ್ಕ, ಸ್ವಲ್ಪ ನೋಡು." ದೊಡ್ಡವ್ವ ಮಣೆಯ ಮೇಲೆ ಕೂತು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಇದನ್ನೆಲ್ಲಿ ಇಡ್ಲಿ?" ಅಂತ ನಾನು ರತ್ನಮ್ಮನನ್ನು ಕೇಳಿದೆ.

"ಏನದೆ ಅದ್ರಲ್ಲಿ?"

"ಪಾತ್ರೆ."

"ಇಲ್ಲಿರೋ ಪಾತ್ರೇನೇ ಇಡಕ ಜಾಗ ಇಲ್ಲ. ಅಟ್ಟಕ್ಕ ಆಕ್ಬುಡು. ಇನ್ ಅದ್ರಿಂದೇನಾಗ್ಬೇಕು?"

ದೊಡ್ಡವ್ವನ ಕಡೆ ನೋಡಿದೆ. ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಹಾಕಿದಳು. ಇನ್ನೊಂದು ಆರಿಸಿದಳು.

ಏಣಿ ಹತ್ತಿ, ಕತ್ತಲಲ್ಲಿ ಬಗ್ಗಿಕೊಂಡು, ಟ್ರಂಕನ್ನು ಗೋಡೆಗೆ ತಾಗುವವರೆಗೂ ತಳ್ಳಿದೆ. ಒಳಗೆ ಒಂದು ಪಾತ್ರೆ ಉರುಳಿ ಗಣಗಣ ಸದ್ದಾಯಿತು. ಕೆಳಗೆ ಯಾರೂ ತಲೆ ಎತ್ತಲಿಲ್ಲ.